ಜಿಲ್ಬೇರ್‌ಗೆ ಗಡ್ಡ ಬಂದ ಬಗೆ

ಫುಮಿ ಯೋಶಿನಾಗಾ ಅವರ ‘ನಿನ್ನೆ ಏನು ಊಟ ಮಾಡಿದೆ?’ ಎಂಬ ಮಾಂಗಾದಲ್ಲಿ, ಅಂದರೆ ಜಪಾನಿನ ಚಿತ್ರಕತೆಯಲ್ಲಿ, ಕೊಹಿನಾತಾ ಎಂಬೊಬ್ಬ ಬರುತ್ತಾನೆ. ಗಟ್ಟಿಮುಟ್ಟಾದ ಆಳು. ಆದರೆ ತನ್ನ ಸಂಗಾತಿ ವಾತಾರುವಿನ ಮಾತು ಬಂದರೆ ಸಾಕು, ಕರಗಿ ನೀರಾಗುತ್ತಾನೆ. ಅವನು ಥೇಟ್ ಜಿಲ್ಬೇರ್ ಇದ್ದ ಹಾಗೆ ಎನ್ನುತ್ತಾನೆ. ಕೊನೆಗೊಂದು ದಿನ ಆ ‘ಜಿಲ್ಬೇರ್’ ಎದುರಿಗೆ ಬಂದು ನಿಂತಾಗ ಕಾಣುವುದು ಕುರುಚಲು ಗಡ್ಡ, ಬಾಚದ ತಲೆ, ಯಾರಿಗೂ ಅಂಜದ ಒರಟು ನಾಲಿಗೆ. ಜಪಾನಿನ ಹಳೆಯ ಓದುಗರಿಗೆ, ಅದರಲ್ಲೂ ಶಾಲೆಯ ದಿನಗಳಲ್ಲಿ ಹುಡುಗಿಯರ ವಾರಪತ್ರಿಕೆ ಓದಿ ಬೆಳೆದವರಿಗೆ, ಈ ಪುಟದಲ್ಲಿ ನಗು ಬರುತ್ತದೆ. ಮೊದಲ ಜಿಲ್ಬೇರ್ ಯಾರು, ಅವನ ಗತಿ ಏನಾಯಿತು ಎಂಬುದು ಅವರಿಗೆ ಗೊತ್ತು.

ಅವನ ಕತೆ ಶುರುವಾಗುವುದು ಟೋಕಿಯೊದ ನೆರಿಮಾ ವಾರ್ಡಿನ ಓಯಿಜುಮಿ ಎಂಬಲ್ಲಿ. 1970ರಲ್ಲಿ ಅಲ್ಲಿನ ಒಂದು ಹಳೆಯ ಬಾಡಿಗೆ ಮನೆಗೆ ಇಪ್ಪತ್ತು ದಾಟಿದ್ದರೆ ದಾಟಿದ್ದ ಇಬ್ಬರು ಚಿತ್ರಗಾರ್ತಿಯರು ಬಂದು ಸೇರಿಕೊಂಡರು. ತೊಕುಶಿಮಾದ ಕೆಯಿಕೊ ತಾಕೆಮಿಯಾ ಮತ್ತು ಗಣಿಗಳ ಊರು ಓಮುತಾದ ಮೋತೊ ಹಾಗಿಯೊ. ಆಚೆ ನೋಡಿದರೆ ಎಲೆಕೋಸಿನ ಹೊಲ. ಎದುರು ಮನೆಯಲ್ಲಿ ನೋರಿಯೆ ಮಾಸುಯಾಮಾ ಎಂಬ ಗೆಳತಿ. ಈಕೆ ಚಿತ್ರ ಬರೆಯುವವಳಲ್ಲ, ಓದುವವಳು. ಹರ್ಮನ್ ಹೆಸ್ಸೆಯ ಕಾದಂಬರಿಗಳನ್ನು ಇಬ್ಬರ ಕೈಗೂ ಇಟ್ಟವಳು ಇವಳೇ. ಯುರೋಪಿನ ವಸತಿಶಾಲೆ, ಅಲ್ಲಿ ಹುಡುಗರ ನಡುವೆ ಬೆಳೆಯುವ ಗಾಢ ಸ್ನೇಹ, ಈ ಲೋಕ ಮೂವರನ್ನೂ ಹಿಡಿದುಕೊಂಡಿತು. ಆ ಮನೆಗೆ ಬೇರೆ ಚಿತ್ರಗಾರ್ತಿಯರೂ ಬಂದು ಹೋಗುತ್ತಿದ್ದರು. ಅವರಲ್ಲಿ ಹಲವರು ಶೋವಾ 24ನೇ ವರ್ಷದಲ್ಲಿ, ಅಂದರೆ 1949ರ ಆಸುಪಾಸಿನಲ್ಲಿ ಹುಟ್ಟಿದವರು. ಅದಕ್ಕೇ ಮುಂದೆ ಅವರಿಗೆ ‘24ರ ಗುಂಪು’ ಎಂಬ ಹೆಸರು ಬಂತು.

ಆಗ ಹುಡುಗಿಯರ ಪತ್ರಿಕೆಗಳ ಸಂಪಾದಕರೆಲ್ಲ ಹೆಚ್ಚಾಗಿ ಗಂಡಸರೇ. ನಾಯಕಿ ಎಂದರೆ ಹೀಗಿರಬೇಕು, ಹೀಗೆ ಅಳಬೇಕು, ಹೀಗೆ ಕಾಯಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. 1971ರಲ್ಲಿ ಹಾಗಿಯೊ ‘ನವೆಂಬರಿನ ಜಿಮ್ನೇಸಿಯಂ’ ಎಂಬ ಕತೆಗೆ ಕೈಹಾಕಿದಾಗ ಅದನ್ನು ಎರಡು ಬಗೆಯಲ್ಲಿ ಯೋಜಿಸಿ ನೋಡಿದರು: ಒಮ್ಮೆ ಹುಡುಗಿಯರ ಶಾಲೆಯಲ್ಲಿ, ಇನ್ನೊಮ್ಮೆ ಹುಡುಗರ ಶಾಲೆಯಲ್ಲಿ. ಹುಡುಗಿಯರನ್ನಿಟ್ಟು ಬರೆದಾಗ ಕತೆಗೆ ಉಸಿರುಕಟ್ಟಿತು. ಹುಡುಗರನ್ನಿಟ್ಟಾಗ ಸಲೀಸಾಗಿ ಹರಿಯಿತು. ಗಂಡು ಗಂಡಿನ ಪ್ರೀತಿಯನ್ನು ಹೆಣ್ಣುಮಕ್ಕಳು ಹೆಣ್ಣುಮಕ್ಕಳಿಗಾಗಿ ಬರೆಯಲು ತೊಡಗಿದ್ದರ ಗುಟ್ಟು ಬಹುಮಟ್ಟಿಗೆ ಇಲ್ಲೇ ಇದೆ. ತಮ್ಮ ಮೈಮೇಲೆ ಬಿದ್ದ ಕಟ್ಟುಪಾಡುಗಳಿಲ್ಲದ ಒಂದು ಮೈ ಅವರಿಗೆ ಬೇಕಿತ್ತು. ದೂರದ ದೇಶದ, ಬೇರೆ ಕಾಲದ, ಹೊಂಬಣ್ಣದ ಕೂದಲಿನ ಹುಡುಗನ ಮೈಯಾದರೆ ಇನ್ನೂ ಒಳ್ಳೆಯದು.

1974ರಲ್ಲಿ ಹಾಗಿಯೊ ಅವರ ‘ಥಾಮಸ್‌ನ ಹೃದಯ’ ಧಾರಾವಾಹಿಯಾಗಿ ಬರತೊಡಗಿತು. ಜರ್ಮನಿಯ ಶಾಲೆಯೊಂದರ ಕತೆ. ಶೀರ್ಷಿಕೆಯ ಹುಡುಗ ಮೊದಲ ಪುಟಗಳಲ್ಲೇ ಸಾಯುತ್ತಾನೆ. ಆಮೇಲಿನದೆಲ್ಲ ಬದುಕುಳಿದವರು ಆ ಸಾವಿನ ಭಾರ ಹೊರುವ ಬಗೆ. ಓದುಗರ ಸಮೀಕ್ಷೆಯಲ್ಲಿ ಅದು ಕಟ್ಟಕಡೆಗೆ ಬಂದು, ಸಂಪಾದಕರು ಕೆಲವೇ ವಾರಗಳಲ್ಲಿ ಮುಗಿಸಿಬಿಡಲು ಹೇಳಿದ್ದರು. ಅಷ್ಟರಲ್ಲಿ ಹಾಗಿಯೊ ಅವರದೇ ‘ಪೋ ವಂಶ’ದ ಮೊದಲ ಸಂಪುಟದ 30,000 ಪ್ರತಿಗಳು ಮೂರೇ ದಿನದಲ್ಲಿ ಖರ್ಚಾದವು. ಥಾಮಸ್ ಬದುಕಿಕೊಂಡ, ಧಾರಾವಾಹಿಯ ಮಟ್ಟಿಗೆ.

ತಾಕೆಮಿಯಾ ಅವರ ಪಾಡು ಇದಕ್ಕಿಂತ ಕಷ್ಟದ್ದು. 19ನೇ ಶತಮಾನದ ಫ್ರಾನ್ಸಿನ ವಸತಿಶಾಲೆಯಲ್ಲಿ ನಡೆಯುವ ‘ಗಾಳಿ ಮತ್ತು ಮರದ ಹಾಡು’ ಅವರ ತಲೆಯಲ್ಲಿ ಮೊಳೆತದ್ದು ಓಯಿಜುಮಿಯ ಮನೆ ಸೇರಿದ ಕಾಲದಲ್ಲೇ. ಯಾವ ಸಂಪಾದಕನೂ ಒಪ್ಪಲಿಲ್ಲ. ದೊಡ್ಡವರ ದೌರ್ಜನ್ಯಕ್ಕೆ ಸಿಕ್ಕಿ ನಲುಗಿದ ಹುಡುಗನ ಕತೆ ಅದು. ಹುಡುಗಿಯರ ಪತ್ರಿಕೆಯಲ್ಲಿ ಅಂಥದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅವರು ಹಟ ಬಿಡದೆ, ಮೊದಲು ಜನ ಮೆಚ್ಚುವಂಥದ್ದೊಂದನ್ನು ಕೊಟ್ಟು ಹೆಸರು ಗಳಿಸಿ ಆ ಹೆಸರನ್ನೇ ಪಣಕ್ಕಿಟ್ಟು ಕೇಳೋಣವೆಂದು ‘ಫೇರೋನ ಸಮಾಧಿ’ ಎಂಬ ಸಾಹಸಕತೆ ಬರೆದರು. ಅದು ಗೆದ್ದಿತು. 1976ರಲ್ಲಿ ಜಿಲ್ಬೇರ್ ಅಚ್ಚಿಗೆ ಬಂದ. ಚೆಲುವ, ಹಟಮಾರಿ, ಒಳಗೆ ಚೂರುಚೂರಾದವನು. 1984ರಲ್ಲಿ ಕತೆ ಮುಗಿಯುವ ಹೊತ್ತಿಗೆ ಅವನೂ ಸತ್ತಿದ್ದ, ಪ್ಯಾರಿಸಿನ ಬೀದಿಯಲ್ಲಿ, ಸಾರೋಟಿನ ಚಕ್ರಕ್ಕೆ ಸಿಕ್ಕಿ.

(ಓಯಿಜುಮಿಯ ಗೆಳೆತನವೂ ಉಳಿಯಲಿಲ್ಲ. 1973ರಲ್ಲಿ ಆ ಮನೆ ಖಾಲಿಯಾಯಿತು. ಯಾಕೆ ದೂರವಾದೆವೆಂಬುದನ್ನು ಹಾಗಿಯೊ ಪುಸ್ತಕವಾಗಿ ಬರೆದದ್ದು 2021ರಲ್ಲಿ. ಇದೊಂದೇ ಸಲ ಹೇಳುತ್ತೇನೆ, ಮತ್ತೆ ಕೇಳಬೇಡಿ ಎಂಬ ದನಿಯಲ್ಲಿ.)

ಹೀಗೆ ಈ ಪ್ರಕಾರದ ಮೊದಲ ದೊಡ್ಡ ಕೃತಿಗಳೆರಡೂ ಹುಡುಗನ ಸಾವನ್ನು ನಡುವಿಟ್ಟುಕೊಂಡವು. ಪ್ರೀತಿಸಿದವರಿಗೆ ನಾಳೆ ಇರಲಿಲ್ಲ. ಸಾವೇ ಆ ಪ್ರೀತಿಗೆ ಘನತೆ ತಂದುಕೊಡುತ್ತಿತ್ತು. ಸತ್ತವರು ಮುಪ್ಪಾಗಬೇಕಿಲ್ಲ, ಕೆಲಸ ಹುಡುಕಬೇಕಿಲ್ಲ, ಮನೆ ಮಾಲೀಕನಿಗೆ ಉತ್ತರ ಕೊಡಬೇಕಿಲ್ಲ.

ಆಮೇಲಿನದು ವೇಗವಾಗಿ ನಡೆಯಿತು. 1975ರ ಡಿಸೆಂಬರಿನಲ್ಲಿ ‘ಕಾಮಿಕೆಟ್’ ಎಂಬ ಸಂತೆ ಶುರುವಾಯಿತು. ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಪುಸ್ತಕಗಳ 32 ಗುಂಪುಗಳು, ಸುಮಾರು 700 ಜನ. 1978ರಲ್ಲಿ ಗಂಡು ಗಂಡಿನ ಪ್ರೀತಿಗೆಂದೇ ಪತ್ರಿಕೆಯೊಂದು ಹೊರಟಿತು, ‘ಜೂನ್’ ಎಂದು ಅದರ ಹೆಸರು. ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಓದುಗಿಯರು ಈ ಬಗೆಗೆ ‘ಯಾವೋಯಿ’ ಎಂದು ಕರೆದರು. ಕತೆಗೆ ಏರಿಲ್ಲ, ಮುಕ್ತಾಯವಿಲ್ಲ, ಅರ್ಥವಿಲ್ಲ ಎಂಬ ಮೂರು ಮಾತುಗಳ ಮೊದಲಕ್ಷರ ಕೂಡಿಸಿದ ಪದ ಅದು. ತೊಂಬತ್ತರ ದಶಕದಲ್ಲಿ ‘ಬಾಯ್ಸ್ ಲವ್’ ಎಂಬ ಹೆಸರು ನಿಂತಿತು. ಪುಸ್ತಕದಂಗಡಿಗಳಲ್ಲಿ ಅದಕ್ಕೇ ಒಂದು ಕಪಾಟಾಯಿತು.

ಅದೇ ಹೊತ್ತಿಗೆ, 1992ರಲ್ಲಿ, ಸ್ತ್ರೀವಾದಿಗಳ ಒಂದು ಸಣ್ಣ ಪತ್ರಿಕೆಯಲ್ಲಿ ಸಲಿಂಗಿ ಗಂಡಸೊಬ್ಬ ಸಿಟ್ಟಿನ ಲೇಖನ ಬರೆದ. ನಮ್ಮಂಥವರನ್ನು ಚೆಂದದ ಗೊಂಬೆ ಮಾಡಿ ಆಡಿಕೊಳ್ಳುತ್ತೀರಿ, ನಾವು ಬದುಕುವ ಬದುಕು ನಿಮಗೆ ಬೇಕಿಲ್ಲ ಎಂಬುದು ಅದರ ತಿರುಳು. ‘ಯಾವೋಯಿ ವಾಗ್ವಾದ’ ಎಂದೇ ಹೆಸರಾದ ಆ ಚರ್ಚೆ ವರ್ಷಗಟ್ಟಲೆ ನಡೆಯಿತು. ನಾವು ಬರೆಯುವುದು ನಮ್ಮ ಕನಸನ್ನು, ನಿಮ್ಮನ್ನಲ್ಲ ಎಂದರು ಕೆಲವು ಹೆಂಗಸರು. ಆ ಮಾತು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಕನಸಿಗೆ ಸಾಲ ತಂದ ಮುಖ ಇನ್ನೊಬ್ಬರದಾಗಿತ್ತು. ಆ ಮುಖದವನು ಬೆಳಗ್ಗೆ ಎದ್ದು ಆಫೀಸಿಗೆ ಹೋಗಬೇಕಿತ್ತು, ಮದುವೆ ಯಾವಾಗ ಎಂದು ಕೇಳುವವರಿಗೆ ಏನಾದರೊಂದು ಹೇಳಬೇಕಿತ್ತು.

ಯೋಶಿನಾಗಾ ಈ ಕಪಾಟಿನಿಂದಲೇ ಬಂದವರು. 1971ರಲ್ಲಿ ಹುಟ್ಟಿದ ಅವರು ಕೆಯೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು, ಕಾಮಿಕೆಟ್‌ನಲ್ಲಿ ಪುಸ್ತಕ ಮಾರಿದರು, 1994ರಲ್ಲಿ ವೃತ್ತಿಗೆ ಇಳಿದರು. 2007ರಲ್ಲಿ ‘ನಿನ್ನೆ ಏನು ಊಟ ಮಾಡಿದೆ?’ ಶುರುವಾದದ್ದು ಮಾತ್ರ ಹೆಂಗಸರ ಪತ್ರಿಕೆಯಲ್ಲಲ್ಲ, ‘ಮಾರ್ನಿಂಗ್’ ಎಂಬ ಗಂಡಸರ ವಾರಪತ್ರಿಕೆಯಲ್ಲಿ. ಶಿರೊ ಕಾಕೆಯಿ, 43 ವರ್ಷ, ವಕೀಲ. ಕೆಂಜಿ ಯಾಬುಕಿ, 41, ಕೇಶವಿನ್ಯಾಸಗಾರ. ಇಬ್ಬರೂ ಟೋಕಿಯೊದ ಒಂದು ಫ್ಲಾಟಿನಲ್ಲಿ ಒಟ್ಟಿಗಿದ್ದಾರೆ. ಶಿರೊ ಸಂಜೆ ಆಫೀಸು ಬಿಟ್ಟವನೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಯಾವುದು ಅಗ್ಗ ನೋಡುತ್ತಾನೆ. ಇಬ್ಬರ ಊಟಕ್ಕೆ ತಿಂಗಳಿಗೆ 25,000 ಯೆನ್, ಅದರೊಳಗೆ ಎಲ್ಲವೂ ಆಗಬೇಕು. ಮನೆಗೆ ಬಂದು ಮೂಲಂಗಿ ಹೆಚ್ಚುತ್ತಾನೆ, ಮೀಸೋ ಸಾರು ಕಾಯಿಸುತ್ತಾನೆ. ಪುಟಗಟ್ಟಲೆ ಅಡುಗೆ. ಕೆಂಜಿ ಬರುತ್ತಾನೆ, ತಿನ್ನುತ್ತಾನೆ, ಖುಷಿಪಡುತ್ತಾನೆ.

ಇಷ್ಟೇನಾ ಎನಿಸಬಹುದು. ಆದರೆ ಒಗ್ಗರಣೆಯ ನಡುವೆ ಕತೆ ಸದ್ದಿಲ್ಲದೆ ಬಿಗಿಯಾಗುತ್ತದೆ. ಕೆಂಜಿ ಸಲೂನಿನಲ್ಲಿ ತನ್ನ ವಿಷಯ ಮುಚ್ಚಿಟ್ಟವನಲ್ಲ, ಶಿರೊ ಆಫೀಸಿನಲ್ಲಿ ಬಾಯಿ ಬಿಟ್ಟವನಲ್ಲ. ಶಿರೊನ ತಾಯಿಗೆ ಗೊತ್ತು. ಅರ್ಥಮಾಡಿಕೊಳ್ಳುತ್ತೇನೆಂದು ಆಕೆ ಪಡುವ ಪಾಡೇ ಅವನಿಗೆ ಇರಿಸುಮುರಿಸು. ಒಂದು ಹೊಸವರ್ಷದ ಹಬ್ಬಕ್ಕೆ ಕೆಂಜಿಯನ್ನು ಅಪ್ಪ ಅಮ್ಮನ ಮನೆಗೆ ಕರೆದೊಯ್ಯುತ್ತಾನೆ. ಎಲ್ಲರೂ ಮರ್ಯಾದೆಯಾಗಿ ನಡೆದುಕೊಳ್ಳುತ್ತಾರೆ. ಆಮೇಲೆ ಹೆತ್ತವರು ಇನ್ನು ಮುಂದೆ ಅವನನ್ನು ಕರೆತರಬೇಡ ಎನ್ನುತ್ತಾರೆ. ಬೈಗುಳವಿಲ್ಲ, ಬಾಗಿಲು ಬಡಿಯುವುದಿಲ್ಲ, ಅವರಿಂದ ಆಗುವುದಿಲ್ಲ, ಅಷ್ಟೇ. ಇದನ್ನು ಕೆಂಜಿಗೆ ಹೇಳಲು ಶಿರೊ ಅವನನ್ನು ಕ್ಯೋಟೊ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾನೆ. ಜಿಪುಣ ಶಿರೊ ಧಾರಾಳವಾಗಿ ಖರ್ಚು ಮಾಡುವುದು ನೋಡಿಯೇ ಕೆಂಜಿಗೆ ದಿಗಿಲು. ಜಿಲ್ಬೇರ್‌ನ ಸಾವಿಗಿಂತ ಈ ಪ್ರವಾಸ ಹೆಚ್ಚು ಕಾಡುತ್ತದೆ, ಏಕೆಂದರೆ ಇಲ್ಲಿ ಯಾರೂ ಸಾಯುವುದಿಲ್ಲ. ಮುಂದಿನ ವರ್ಷವೂ ಹಬ್ಬ ಬರುತ್ತದೆ, ಅಂದು ಎಲ್ಲಿ ಊಟ ಮಾಡುವುದೆಂದು ತೀರ್ಮಾನಿಸಲೇಬೇಕು.

ಶಿರೊ ವಕೀಲನಾದ್ದರಿಂದ ಇನ್ನೊಂದು ಬಾಗಿಲೂ ತೆರೆಯುತ್ತದೆ. ಗೆಳೆಯರ ಬಳಗದ ಹಿರಿಯರೊಬ್ಬರು ಸಲಹೆ ಕೇಳಿ ಬರುತ್ತಾರೆ. ತಾವು ದುಡಿದು ಗಳಿಸಿದ್ದು ಊರಲ್ಲಿರುವ ಹೆತ್ತವರ ಪಾಲಾಗಬಾರದು, ಸಂಗಾತಿಗೇ ಸೇರಬೇಕು. ದಾರಿಯೊಂದಿದೆ, ದತ್ತು. ಜಪಾನಿನಲ್ಲಿ ಬೆಳೆದವರನ್ನೂ ದತ್ತು ತೆಗೆದುಕೊಳ್ಳಬಹುದು, ದತ್ತು ಹೋಗುವವನು ತೆಗೆದುಕೊಳ್ಳುವವನಿಗಿಂತ ಹಿರಿಯನಾಗಿರಬಾರದು, ಅಷ್ಟೇ. ಮದುವೆಗೆ ಅವಕಾಶವಿಲ್ಲದ ಎಷ್ಟೋ ಜೋಡಿಗಳು ಹಿಡಿದ ದಾರಿ ಇದು. ಪ್ರೀತಿಸಿದವನು ಕಾಗದದ ಮೇಲೆ ಮಗನಾಗುತ್ತಾನೆ. ಕೊಹಿನಾತಾ ತನ್ನ ಗಡ್ಡದ ಸಂಗಾತಿಯನ್ನು ಜಿಲ್ಬೇರ್ ಎನ್ನುವುದೂ ಇದೇ ಕತೆಯಲ್ಲಿ. ಸಾರೋಟಿನಡಿ ಸತ್ತ ಹುಡುಗ ಬದುಕಿ ನಡುವಯಸ್ಸಿಗೆ ಬಂದಿದ್ದರೆ ಹೀಗೇ ಇರುತ್ತಿದ್ದನೇನೋ, ಗೊಣಗುತ್ತ, ಉಣ್ಣುತ್ತ.

ಓದುವವರಿಗೂ ವಯಸ್ಸಾಗುತ್ತಿತ್ತು. 2017ರಲ್ಲಿ ಕಾವೊರಿ ತ್ಸುರುತಾನಿ ಶುರು ಮಾಡಿದ ‘ಜಗಲಿಯ ರೂಪಾಂತರ’ದಲ್ಲಿ 75ರ ವಿಧವೆಯೊಬ್ಬರು ರಕ್ಷಾಪುಟ ಚೆಂದವೆಂದು ಬಾಯ್ಸ್ ಲವ್ ಪುಸ್ತಕವೊಂದನ್ನು ಕೊಂಡು, ಅಂಗಡಿಯ 17ರ ಹುಡುಗಿಯ ಸ್ನೇಹಿತೆಯಾಗುತ್ತಾರೆ. ಮುಂದಿನ ಸಂಪುಟ ಎಂದು ಬರುತ್ತದೆ, ತಾನು ಇನ್ನೆಷ್ಟು ಓದಿಯೇನು ಎಂದು ಲೆಕ್ಕ ಹಾಕುತ್ತಾರೆ. ಇತ್ತ ಸಲಿಂಗಿ ಗಂಡಸರ ಪತ್ರಿಕೆಗಳಲ್ಲಿ ವಯಸ್ಕರಿಗಾಗಿ ಬರೆದು ಹೆಸರಾಗಿದ್ದ ಗೆಂಗೊರೊ ತಾಗಾಮೆ 2014ರಲ್ಲಿ ‘ತಮ್ಮನ ಗಂಡ’ ಬರೆಯತೊಡಗಿದರು. ಸತ್ತುಹೋದ ಅವಳಿ ತಮ್ಮನ ಕೆನಡಾದ ಗಂಡ ಅಣ್ಣನ ಮನೆಗೆ ಬರುತ್ತಾನೆ. ಪುಟ್ಟ ಮಗಳು ಅವನನ್ನು ಒಪ್ಪಿಕೊಳ್ಳಲು ಒಂದು ಗಳಿಗೆ ಸಾಕು, ಅಪ್ಪನಿಗೆ ಇಡೀ ಕತೆ ಬೇಕು. 1992ರ ಸಿಟ್ಟಿಗೆ ಒಂದು ಉತ್ತರ ಇಲ್ಲಿದೆ: ಮುಖ ಯಾರದೋ ಅವರೇ ಕತೆ ಹೇಳಿದ್ದು.

2015ರಲ್ಲಿ ಟೋಕಿಯೊದ ಶಿಬುಯಾ ಮತ್ತು ಸೆತಗಾಯಾ ವಾರ್ಡುಗಳು ಒಂದೇ ಲಿಂಗದ ಜೋಡಿಗಳನ್ನು ಗುರುತಿಸಿ ಪತ್ರ ಕೊಡತೊಡಗಿದವು. 2021ರ ಮಾರ್ಚ್ 17ರಂದು ಸಪ್ಪೊರೊ ಜಿಲ್ಲಾ ನ್ಯಾಯಾಲಯ, ಇಂಥವರಿಗೆ ಮದುವೆಯ ಯಾವ ಸೌಲಭ್ಯವನ್ನೂ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಬೇರೆ ನ್ಯಾಯಾಲಯಗಳಲ್ಲೂ ಮೊಕದ್ದಮೆಗಳು ನಡೆದವು. ಕಾನೂನು ಬದಲಾಗಲಿಲ್ಲ, ದತ್ತುಪತ್ರ ಇನ್ನೂ ಚಾಲ್ತಿಯಲ್ಲಿದೆ.

ಯೋಶಿನಾಗಾ ಅವರ ಪಾತ್ರಗಳಿಗೆ ಓದುಗರ ಜೊತೆಗೇ ವಯಸ್ಸಾಗುತ್ತದೆ. ಶಿರೊ, ಕೆಂಜಿ ಇಬ್ಬರೂ ಐವತ್ತು ದಾಟಿದ್ದಾರೆ. ದಿನಸಿಯ ಬೆಲೆ ಏರಿದೆ, 25,000 ಯೆನ್ನಿನಲ್ಲಿ ತಿಂಗಳು ಸಾಗುವುದಿಲ್ಲ. ಶಿರೊ ಬಹಳ ಸಂಕಟಪಟ್ಟು ಊಟದ ಖರ್ಚನ್ನು 30,000ಕ್ಕೆ ಏರಿಸೋಣವೆಂದು ಕೆಂಜಿಯ ಮುಂದಿಡುತ್ತಾನೆ.