ಉಪನ್ಯಾಸ ವೇದಿಕೆಯಲ್ಲಿ ಅಮೆರಿಕದ ಮೂಲನಿವಾಸಿ ಮಹಿಳೆಯರು: 1879–1900

ಅಂತರ್ಯುದ್ಧದ ನಂತರದ ದಶಕಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಅಭಿಪ್ರಾಯವನ್ನು ರೂಪಿಸುತ್ತಿದ್ದ ಸಾಧನಗಳಲ್ಲಿ ಉಪನ್ಯಾಸ ವೇದಿಕೆಯೂ ಒಂದು. ಮತದಾನದ ಹಕ್ಕಿಲ್ಲದ, ಬಹುಪಾಲು ಪೌರತ್ವವೂ ಇಲ್ಲದ ಮೂಲನಿವಾಸಿ ಮಹಿಳೆಯರು ತಮ್ಮ ಜನರ ಅಹವಾಲನ್ನು ಚರ್ಚು, ಸಭಾಭವನ, ಕಾಲೇಜುಗಳಿಗೆ ಒಯ್ದರು. ಈ ಅಧ್ಯಾಯವನ್ನು ವಾಗ್ಮಿತೆಯ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಕೇಳಿದವರು ಏನನ್ನು ಕೇಳಿಸಿಕೊಂಡರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

1877ರಲ್ಲಿ ಪೊಂಕಾ ಬುಡಕಟ್ಟನ್ನು ನಯೋಬ್ರಾರ ನದೀತೀರದಿಂದ ದಕ್ಷಿಣಕ್ಕೆ ಬಲವಂತವಾಗಿ ಸಾಗಿಸಲಾಯಿತು. ಅಲ್ಲಿ ತೀರಿಕೊಂಡ ಮಗನನ್ನು ತವರುನೆಲದಲ್ಲಿ ಹೂಳಲು ಹಿಂದಿರುಗಿದ ನಾಯಕ ಸ್ಟ್ಯಾಂಡಿಂಗ್ ಬೇರ್ ಬಂಧಿತರಾದರು. ಇಂಡಿಯನ್ನನೂ ಕಾನೂನಿನ ದೃಷ್ಟಿಯಲ್ಲಿ 'ವ್ಯಕ್ತಿ'ಯೇ ಎಂದು ನ್ಯಾಯಾಧೀಶ ಎಲ್ಮರ್ ಡಂಡಿ 1879ರ ಮೇ ತಿಂಗಳಲ್ಲಿ ತೀರ್ಪಿತ್ತರು. ('ಇಂಡಿಯನ್' ಎಂಬುದು ಅಂದಿನ ಕಡತಗಳ ಪದ.) ಬಳಿಕ ನಡೆದ ಉಪನ್ಯಾಸ ಪ್ರವಾಸದಲ್ಲಿ ಒಮಾಹಾ ಬುಡಕಟ್ಟಿನ ಶಿಕ್ಷಕಿ ಸುಸೆಟ್ ಲಾ ಫ್ಲೆಶ್ ದುಭಾಷಿಯಾಗಿಯೂ ಭಾಷಣಕಾರ್ತಿಯಾಗಿಯೂ ಪಾಲ್ಗೊಂಡರು. ಬಾಸ್ಟನ್ನಿನ ಸಭೆಯಿಂದ ಪ್ರಭಾವಿತರಾದ ಹೆಲೆನ್ ಹಂಟ್ ಜಾಕ್ಸನ್ 1881ರಲ್ಲಿ 'ಎ ಸೆಂಚುರಿ ಆಫ್ ಡಿಸ್‌ಆನರ್' ಪ್ರಕಟಿಸಿದರು.

ಉತ್ತರ ಪಾಯೂಟ್ ಬುಡಕಟ್ಟಿನ ಸಾರಾ ವಿನೆಮಕ್ಕ ಅವರ ಹಾದಿ ಇದಕ್ಕಿಂತ ಕಠಿಣವಾಗಿತ್ತು. 1878ರ ಬ್ಯಾನಕ್ ಯುದ್ಧದ ನಂತರ, ಯುದ್ಧದಲ್ಲಿ ಭಾಗವಹಿಸದವರನ್ನೂ ಸೇರಿಸಿ, ಪಾಯೂಟರನ್ನು ನಡುಚಳಿಗಾಲದಲ್ಲಿ ಯಾಕಿಮಾ ಮೀಸಲು ಪ್ರದೇಶಕ್ಕೆ ಅಟ್ಟಲಾಯಿತು. ಅವರು ಹಿಂದಿರುಗಬಹುದೆಂದು 1880ರಲ್ಲಿ ಸಚಿವ ಕಾರ್ಲ್ ಶುರ್ಜ್ ಕೊಟ್ಟ ಭರವಸೆ ಈಡೇರಲಿಲ್ಲ. 1883–84ರಲ್ಲಿ ಪೂರ್ವದ ನಗರಗಳಲ್ಲಿ ವಿನೆಮಕ್ಕ ನೂರಾರು ಉಪನ್ಯಾಸಗಳನ್ನು ನೀಡಿದರು. ಮೇರಿ ಮ್ಯಾನ್ ಸಂಪಾದಿಸಿದ ಅವರ ಆತ್ಮಕಥನ 1883ರಲ್ಲೇ ಹೊರಬಂದಿತು. ಏಜೆಂಟರ ಲೂಟಿ, ಬಿಳಿಯರಿಂದ ಪಾಯೂಟ್ ಸ್ತ್ರೀಯರ ಮೇಲೆ ನಡೆಯುತ್ತಿದ್ದ ಅತ್ಯಾಚಾರ ಎರಡೂ ಅದರಲ್ಲಿ ದಾಖಲಾಗಿವೆ. ಏಜೆಂಟರು ಆಕೆಯ ಶೀಲದ ಮೇಲೆಯೇ ಕೆಸರೆರಚಿದರು. ಸೇನಾಧಿಕಾರಿಗಳ ಪ್ರಶಂಸಾಪತ್ರಗಳನ್ನು ಗ್ರಂಥದ ಅನುಬಂಧದಲ್ಲಿ ಸೇರಿಸಬೇಕಾಯಿತು. ಪಡಿತರ ಕದ್ದವರಿಗೆ ಇಂಥ ಶೀಲಪತ್ರದ ಅಗತ್ಯ ಬೀಳಲಿಲ್ಲವೆಂಬುದು ಬೇರೆ ಮಾತು.

ಈ ಗ್ರಂಥದ ಕೊನೆಯಲ್ಲಿರುವ ಮನವಿಪತ್ರಕ್ಕೆ ಸಂಶೋಧಕರು ಇನ್ನೂ ಹೆಚ್ಚಿನ ಗಮನ ಕೊಡಬೇಕಾಗಿದೆ. ಮಾಲ್ಯೂರ್ ಮೀಸಲು ಪ್ರದೇಶವನ್ನು ಮರಳಿಸಿ, ಭೂಮಿಯನ್ನು ಪ್ರತ್ಯೇಕ ಹಿಡುವಳಿಗಳಾಗಿ ಹಂಚಬೇಕೆಂದು ಅದು ಕೋರುತ್ತದೆ. ಆದರೆ ಬುಡಕಟ್ಟಿನ ಸಂಬಂಧಗಳು ಕಡಿಯಬಾರದೆಂಬ ಷರತ್ತೂ ಅದೇ ಮನವಿಯಲ್ಲಿದೆ. 1887ರ ಡಾಸ್ ಕಾಯಿದೆ ಹಂಚಿಕೆಯನ್ನು ಎತ್ತಿಕೊಂಡಿತು, ಷರತ್ತನ್ನು ಕೈಬಿಟ್ಟಿತು. ಕಾಯಿದೆಗೆ ಈ ಮನವಿಯೇ ಕಾರಣವೆನ್ನಲಾಗದು. ಅದನ್ನು ಬೆಂಬಲಿಸಿದ ಪೂರ್ವದ ಸುಧಾರಕರ ವಲಯವೂ ಈ ಉಪನ್ಯಾಸಗಳ ಶ್ರೋತೃವರ್ಗವೂ ಬಹುಮಟ್ಟಿಗೆ ಒಂದೇ ಆಗಿದ್ದವು ಎಂಬುದು ಮಾತ್ರ ಗಮನಾರ್ಹ. 1887ರಲ್ಲಿ ಸುಮಾರು 13.8 ಕೋಟಿ ಎಕರೆಯಷ್ಟಿದ್ದ ಮೂಲನಿವಾಸಿಗಳ ಭೂಮಿ 1934ರ ವೇಳೆಗೆ 4.8 ಕೋಟಿ ಎಕರೆಗೆ ಇಳಿಯಿತು. ಪ್ರತ್ಯೇಕ ಹಿಡುವಳಿಯನ್ನು ನಂಬಿದವರಲ್ಲಿ ಲಾ ಫ್ಲೆಶ್ ಸಹ ಇದ್ದರು.

ಮುಂದಿನ ತಲೆಮಾರಿನ ಜಿಟ್ಕಾಲಾ-ಶಾ ಈ ಸುಧಾರಕರು ನಡೆಸಿದ ಶಾಲೆಗಳಿಂದಲೇ ಬಂದವರು. 1876ರಲ್ಲಿ ಯಾಂಕ್ಟನ್ ಮೀಸಲು ಪ್ರದೇಶದಲ್ಲಿ ಜನಿಸಿ, ಎಂಟನೆಯ ವಯಸ್ಸಿಗೆ ಇಂಡಿಯಾನಾದ ವಸತಿಶಾಲೆ ಸೇರಿದ ಅವರು, 1896ರಲ್ಲಿ ಅರ್ಲ್‌ಹ್ಯಾಮ್ ಕಾಲೇಜಿನ ಪ್ರತಿನಿಧಿಯಾಗಿ ರಾಜ್ಯಮಟ್ಟದ ಭಾಷಣ ಸ್ಪರ್ಧೆಯಲ್ಲಿ ನಿಂತರು. ಸಭಾಂಗಣದಲ್ಲಿ ಎದುರಾಳಿ ವಿದ್ಯಾರ್ಥಿಗಳು ಮೂಲನಿವಾಸಿ ಸ್ತ್ರೀಯನ್ನು ಹೀಗಳೆಯುವ ಬಾವುಟ ಹಿಡಿದಿದ್ದರು. ತೀರ್ಪುಗಾರರು ಎರಡನೆಯ ಬಹುಮಾನ ನೀಡಿದರು. ನಾಲ್ಕು ವರ್ಷಗಳ ನಂತರ, 1900ರಲ್ಲಿ, 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಅವರು ವಸತಿಶಾಲೆಯ ಬದುಕನ್ನು ಬರೆದರು. ಬಲವಂತವಾಗಿ ಕತ್ತರಿಸಲಾದ ಜಡೆಯ ಪ್ರಸಂಗವೂ ಈ ಬಾವುಟದ ಪ್ರಸಂಗವೂ ಒಂದೇ ಲೇಖನದಲ್ಲಿವೆ. ಗೆಲುವಿನ ರಾತ್ರಿ ಕೋಣೆಯಲ್ಲಿ ಒಬ್ಬಳೇ ಕುಳಿತ ಹುಡುಗಿಗೆ ಅದರಿಂದ ಸಮಾಧಾನ ದೊರೆಯುವುದಿಲ್ಲ. ದೂರದ ಬಯಲಿನಲ್ಲಿರುವ ತಾಯಿ ತನ್ನ ಮೇಲೆ ಆರೋಪ ಹೊರಿಸುತ್ತಿರುವಂತೆ ಆಕೆಗೆ ಕಾಣುತ್ತದೆ.