ಹೊತ್ತು ಮಾರಿದವರ ಸೀಮೆಯಲ್ಲಿ

ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಹೇಳಿದಾಗಲೆಲ್ಲ ಕೇಳಿದವರು ‘ಪಾಪ’ ಅನ್ನುತ್ತಾರೆ. ಧಾರವಾಡದ ಪುಸ್ತಕದಂಗಡಿಯಲ್ಲಿ ಬಹಳ ವರ್ಷ ದುಡಿದ ನನಗೆ ಅವರ ಮೇಲೆ ಕನಿಕರ ಬಂದಿಲ್ಲ, ಹೊಟ್ಟೆಕಿಚ್ಚೇ ಬಂದಿದೆ. ತಾನು ಬರೆದದ್ದನ್ನು ತಾನೇ ಒಬ್ಬರ ಕೈಗಿಟ್ಟು, ಅವರು ಮೊದಲ ಪುಟ ತೆರೆಯುವಾಗ ಎದುರು ನಿಂತು ಮುಖ ನೋಡುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು?

ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದುಬರಹ ಬಲ್ಲ ಮನೆಗಳಲ್ಲಿ ಮರಾಠಿಯದೇ ದೊಡ್ಡಸ್ತಿಕೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಈ ಸಂಕಟದಿಂದಲೇ. ಶಾಲಾ ಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ನಮ್ಮ ಗಳಗನಾಥರು, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ‘ಮಾಧವ ಕರುಣಾವಿಲಾಸ’ದಂಥ ಸ್ವಂತ ಕೃತಿಗಳನ್ನೂ ಬರೆದರು. ಕೊಳ್ಳುವವರು ಇನ್ನೂ ಹುಟ್ಟಿರಲಿಲ್ಲ, ಹುಟ್ಟಿಸಬೇಕಿತ್ತು. ಅದಕ್ಕೇ ಅವರು ಮನೆ ಬಾಗಿಲಿಗೆ ಹೋದರು.

ಮುಂದೆ 1933ರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಬಂತು. ಸುಭಾಸ ರಸ್ತೆಯ ಅದರ ‘ಅಟ್ಟ’ವನ್ನು ತಿಳಿಯದ ಸಾಹಿತಿ ಧಾರವಾಡದಲ್ಲಿ ಇರಲಿಕ್ಕಿಲ್ಲ. ಬೇಂದ್ರೆ, ಕುರ್ತಕೋಟಿಯವರ ಹರಟೆಯನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಕಣ್ಣು ಹೋಗುವುದು ಗ್ರಂಥಮಾಲೆಯ ಚಂದಾ ಪದ್ಧತಿಯ ಕಡೆಗೆ. ಓದುಗ ಹಣ ಮೊದಲೇ ಕಟ್ಟಬೇಕು, ಪುಸ್ತಕ ಆಮೇಲೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಜೋಶಿಯವರು ಚೀಲ ಹಿಡಿದು ಊರೂರು ಅಲೆದು ಚಂದಾದಾರರನ್ನು ಕೂಡಿಸಿದರು. ಹೀಗೆ ಹಣ ಕಟ್ಟಿದವನು ಪುಸ್ತಕವನ್ನಲ್ಲ, ಜೋಶಿಯವರನ್ನು ನಂಬಿದ್ದ. 1961ರಲ್ಲಿ ‘ಯಯಾತಿ’, 1964ರಲ್ಲಿ ‘ತುಘಲಕ್’, ಮರುವರ್ಷ ‘ಸಂಸ್ಕಾರ’ ಪ್ರಕಟಿಸಿದ್ದು ಈ ಗ್ರಂಥಮಾಲೆ. ಕಾರ್ನಾಡ, ಅನಂತಮೂರ್ತಿ ಎಂಬ ಹೆಸರನ್ನೇ ಕೇಳದ ಯಾವುದೋ ಹಳ್ಳಿಯ ಮಾಸ್ತರರು ಅಂಚೆಯ ಕಟ್ಟು ಬಿಚ್ಚಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರನ್ನು ಎದುರುಗೊಂಡ ಆ ಸಂಜೆಯನ್ನು ನಾನು ಎಷ್ಟು ಸಲ ಊಹಿಸಿಕೊಂಡಿದ್ದೇನೋ! ಅದೇ 1965ರಲ್ಲಿ, ಇಪ್ಪತ್ತು ಕಿಲೋಮೀಟರ್ ಆಚೆಯ ಹುಬ್ಬಳ್ಳಿಯಿಂದ, ಗೋವಿಂದರಾಯರ ಸಾಹಿತ್ಯ ಭಂಡಾರ ಭೈರಪ್ಪನವರ ‘ವಂಶವೃಕ್ಷ’ವನ್ನು ತಂದಿತು. ಒಂದೇ ವರ್ಷ, ಅಕ್ಕಪಕ್ಕದ ಎರಡು ಊರು, ಇಂಥ ಎರಡು ಕಾದಂಬರಿ. ನನ್ನ ದೃಷ್ಟಿಯಲ್ಲಿ ಕನ್ನಡ ಪುಸ್ತಕ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ವರ್ಷ ಇನ್ನೊಂದಿಲ್ಲ.

ಈಗ ನಮ್ಮ ಅಂಗಡಿಯ ಬಾಡಿಗೆ ಹುಟ್ಟುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಂದ. ಸಪ್ತಾಪುರದ ಕೋಚಿಂಗ್ ಸೆಂಟರುಗಳಿಗೆ ಸುತ್ತಲಿನ ಜಿಲ್ಲೆಗಳ ಮಕ್ಕಳು ಬಂದು ಸೇರುತ್ತಾರೆ. ಗೈಡುಗಳಿಗೆ ಬಾಗಿಲ ಬಳಿಯ ಜಾಗ, ಕಥೆ ಕಾದಂಬರಿಗಳಿಗೆ ಹಿಂದಿನ ಗೋಡೆ. ಬೆಂಗಳೂರಿನ ಪಾರ್ಸೆಲ್ ಬಂದ ದಿನ ಸುತಲಿ ಕತ್ತರಿಸಿ, ಬಿಲ್ಲಿಗೆ ತಾಳೆ ನೋಡುತ್ತ ಪ್ರತಿ ಹೊಸ ಪುಸ್ತಕದ ಮೊದಲ ಪುಟ ಓದುವುದು ನನ್ನ ಹಕ್ಕು. ಯಾವುದು ಯಾರಿಗೆ ಎಂಬುದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ಕುಂದಗೋಳದ ಕಡೆಯ ಹುಡುಗಿಯೊಬ್ಬಳು ಎಫ್‌ಡಿಎ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಕೇಳಿಕೊಂಡು ಬಂದಿದ್ದಳು. ಗೈಡಿನ ಮೇಲೆ ತೇಜಸ್ವಿಯವರ ‘ಕರ್ವಾಲೊ’ ಇಟ್ಟು ಕೊಟ್ಟೆ.

“ಇದು ಸಿಲೆಬಸ್ಸಿನಾಗ ಐತೇನ್ರೀ ಸರ?”

“ಇಲ್ಲವಾ. ರಾತ್ರಿ ಓದಾಕ.”

“ರಾತ್ರಿ ಓದಾಕ ಜಿ.ಕೆ. ಐತ್ರಿ.”

ಹಾಗೆಂದರೂ ನಿಂತಲ್ಲೇ ಪುಟ ತೆರೆದಳು. ಒಂದು ಪುಟ ಆಯಿತು, ಎರಡಾಯಿತು. ಹೆಗಲ ಮೇಲಿನ ಬ್ಯಾಗು ಜಾರುತ್ತಿತ್ತು. ಕಣ್ಣೆತ್ತದೆ ಅದನ್ನು ಇಳಿಸಿ ಕಾಲ ಬಳಿ ಇಟ್ಟಳು. ಬ್ಯಾಗು ನೆಲಕ್ಕೆ ಬಂತೆಂದರೆ ಆ ಪುಸ್ತಕ ಮತ್ತೆ ಕಪಾಟಿಗೆ ಹೋಗುವುದಿಲ್ಲ. ಇದು ಅಂಗಡಿಯಲ್ಲಿ ನಿಂತೇ ಕಲಿತದ್ದು.

ಕೆಲವು ವಾರಗಳ ಮೇಲೆ ರೂಮಿನ ಗೆಳತಿಯನ್ನು ಕರೆದುಕೊಂಡು ಬಂದಳು. ಬಂದವಳೇ, “ಸರ, ಆ ಕರ್ವಾಲೊದಾಗಿನ ಹಾರೋ ಓತಿ ಖರೇನ ಅದಾವೇನ್ರೀ?” ಅಂದಳು. “ಅದಾವಲ್ಲ, ದೂರ ಹೋಗೂದ ಬ್ಯಾಡ, ದಾಂಡೇಲಿ ಕಾಡಿನಾಗ ಅದಾವ” ಅಂದೆ. ನಂಬಿದಳೋ ಇಲ್ಲವೋ, ತೇಜಸ್ವಿಯವರದು ಮತ್ತೇನಿದೆ ಎಂದು ಕೇಳಿದಳು. ಹಿಂದಿನ ಗೋಡೆಗೆ ಹೋಗಿ ‘ಚಿದಂಬರ ರಹಸ್ಯ’ ತಂದೆ. ಬಿಲ್ ಬರೆಯುತ್ತಿರುವಾಗ ಆ ಗೆಳತಿ, “ನನಗೂ ಒಂದ ಕರ್ವಾಲೊ ಕೊಡ್ರಿ, ಇಕಿ ತಂದ ಕೊಡವಲ್ಲಳು” ಅಂದಳು.