ಕಡಲಾಚೆಯ ಕಲಿಕೆ: ಧಾರವಾಡ ಕಂಡ ಫಲ

ವಿದೇಶ ವ್ಯಾಸಂಗದಿಂದ ವಿದ್ಯಾರ್ಥಿಗೆ ದೊರೆಯುವುದು ಪದವಿಪತ್ರ ಮತ್ತು ಉದ್ಯೋಗ ಮಾತ್ರವೇ? ಧಾರವಾಡದ ನಂಟಿದ್ದ ಮೂವರ ಬದುಕು ಈ ಪ್ರಶ್ನೆಗೆ ಬೇರೆಯದೇ ಉತ್ತರ ನೀಡುತ್ತದೆ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಅಭ್ಯಸಿಸಿ ಪ್ರಥಮ ದರ್ಜೆ ಪಡೆದರು. ಆ ಕಡಲಯಾನದ ಫಲವಾಗಿ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತವು. ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು.

ಗಿರೀಶ ಕಾರ್ನಾಡರದು ಇನ್ನೂ ಕುತೂಹಲಕರ. 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಪದವಿ ಪಡೆದ ಅವರಿಗೆ ಇಂಗ್ಲಿಷ್ ಕವಿಯಾಗುವ ಹಂಬಲವಿತ್ತು. ರೋಡ್ಸ್ ವಿದ್ಯಾರ್ಥಿವೇತನ ದೊರೆತು ಆಕ್ಸ್‌ಫರ್ಡ್‌ಗೆ ಹೊರಡುವ ಸಿದ್ಧತೆಯಲ್ಲಿದ್ದಾಗಲೇ ಅವರ ಲೇಖನಿಯಿಂದ ‘ಯಯಾತಿ’ ಹೊಮ್ಮಿತು, ಅದೂ ಕನ್ನಡದಲ್ಲಿ. 1963ರಲ್ಲಿ ಅವರು ಆಕ್ಸ್‌ಫರ್ಡ್ ಯೂನಿಯನ್ ಅಧ್ಯಕ್ಷರೂ ಆಗಿದ್ದರು. ಆದರೆ ವ್ಯಾಸಂಗ ಮುಗಿಸಿ ಮರಳಿದ ಮರುವರ್ಷವೇ, 1964ರಲ್ಲಿ, ‘ತುಘಲಕ್’ ನಾಟಕವನ್ನು ಬರೆದದ್ದು ಕನ್ನಡದಲ್ಲೇ.

ದೂರ ಹೋದವನಿಗೆ ತನ್ನ ನೆಲ ಸ್ಪಷ್ಟವಾಗಿ ಕಾಣುತ್ತದೆ. ವಿದೇಶ ವ್ಯಾಸಂಗದ ಬಹುದೊಡ್ಡ ಲಾಭ ಇದೇ.

ಈ ಲಾಭ ಉಳ್ಳವರ ಸೊತ್ತಾಗಬಾರದು. ಪರಿಶಿಷ್ಟ ಜಾತಿ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್‌.ಡಿ. ಮಾಡಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ 60 ಅಂಕ ಅಗತ್ಯ. ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಂಥ ಗ್ರಾಮದ ಮನೆಗಳಿಗೂ ಈ ಮಾಹಿತಿ ತಲುಪಿದರೆ ಮಾತ್ರ ಕಡಲಾಚೆಯ ದಾರಿ ಎಲ್ಲರದಾದೀತು.